ವಾಸನೆ ಹೋಯಿತು, ಕಣ್ಣುರಿ ಹೋಗಲಿಲ್ಲ!

ಪ್ರಶ್ನೆ: ಮಲಗುವ ಕೋಣೆಗೆ ಹೊಸ ಪ್ಲೈವುಡ್ ವಾರ್ಡ್‌ರೋಬ್ ಮಾಡಿಸಿದೆವು. ಒಳಗೆ ಕಾಲಿಟ್ಟಾಗ ಘಾಟು ಹೊಡೆಯುತ್ತದೆ, ಸ್ವಲ್ಪ ಹೊತ್ತಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಆದರೆ ಕಣ್ಣು ಮಾತ್ರ ಉರಿಯುತ್ತಲೇ ಇರುತ್ತದೆ. ಕಣ್ಣಿಗೆ ಏನೂ ಬಿದ್ದಿಲ್ಲವಲ್ಲ, ಬರೀ ಗಾಳಿಗೆ ಹೀಗಾಗುತ್ತದಾ?

ಉತ್ತರ: ಆಗುತ್ತದೆ. ಬಿದ್ದಿಲ್ಲ ಅಂತ ನೀವು ಅಂದುಕೊಂಡಿದ್ದೀರಿ ಅಷ್ಟೇ, ಬೀಳುತ್ತಲೇ ಇದೆ. ಪ್ಲೈವುಡ್ ಅಂಟಿಸುವ ಗೋಂದಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕಣ್ಣಿನ ಮೇಲಂತೂ ಕಣ್ಣೀರಿನ ಪೊರೆ ಸದಾ ಇರುತ್ತದೆ, ಮಿಲಿಮೀಟರಿನ 100ನೇ ಒಂದು ಪಾಲಿಗಿಂತಲೂ ತೆಳ್ಳಗೆ. ಅದರ ಕೆಳಗೇ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಇಡೀ ಮೈಯಲ್ಲಿ ನೋವಿನ ನರದ ತುದಿಗಳು ಇಷ್ಟು ಒತ್ತೊತ್ತಾಗಿರುವ ಜಾಗ ಸಿಗುವುದು ಕಷ್ಟ, ಮೇಲಾಗಿ ಚರ್ಮಕ್ಕಿರುವ ಸತ್ತ ಕೋಶಗಳ ಒರಟು ಹೊದಿಕೆ ಕೂಡ ಇಲ್ಲಿಲ್ಲ. ಆ ತುದಿಗಳಲ್ಲಿ ಟಿಆರ್‌ಪಿಎ1 ಅನ್ನುವ ಪ್ರೋಟೀನ್ ಇದೆ. ಫಾರ್ಮಾಲ್ಡಿಹೈಡ್, ಹೊಗೆಯಲ್ಲಿರುವ ಅಕ್ರೋಲಿನ್, ಪೊಲೀಸರ ಅಶ್ರುವಾಯು, ಇವೆಲ್ಲ ತಟ್ಟುವುದು ಅದನ್ನೇ. ತಟ್ಟಿದ ತಕ್ಷಣ ಉರಿ, ರೆಪ್ಪೆ ಪಟಪಟ, ತೊಳೆದುಹಾಕಲು ಧಾರಾಕಾರ ನೀರು. ಹೆಚ್ಚಾದ ಕಣ್ಣೀರು ಮೂಗಿಗೆ ಇಳಿಯುತ್ತದೆ, ಅದಕ್ಕೇ ಮೂಗೂ ಸೋರುವುದು.

ಇನ್ನು ವಾಸನೆಯ ವಿಷಯ. ವಾಸನೆ ಹಿಡಿಯುವ ನರ ಬೇರೆ, ಕಣ್ಣುರಿ ಒಯ್ಯುವ ನರ ಬೇರೆ. ಮೂಗಿಗೆ ನಿಮಿಷಗಳಲ್ಲೇ ಅಭ್ಯಾಸವಾಗಿಬಿಡುತ್ತದೆ. ಕಣ್ಣು ಅಷ್ಟು ಬೇಗ ರಾಜಿಯಾಗುವುದಿಲ್ಲ, ಕೂತಷ್ಟೂ ಉರಿ ಜಾಸ್ತಿಯಾಗುವುದೂ ಉಂಟು. ಹಾಗಾಗಿ ಇಲ್ಲಿ ಕಣ್ಣಿನ ಮಾತು ಕೇಳಿ. ಕಿಟಕಿ ತೆರೆದಿಡಿ, ವಾರ್ಡ್‌ರೋಬ್ ಬಾಗಿಲನ್ನೂ ತೆರೆದು ಗಾಳಿಯಾಡಲು ಬಿಡಿ. ಸೆಕೆ, ತೇವ ಇದ್ದರೆ ಅನಿಲ ಇನ್ನೂ ಹೆಚ್ಚು ಬರುತ್ತದೆ. ರೂಮ್ ಫ್ರೆಶ್ನರ್ ಹೊಡೆಯುವುದು ಸುಮ್ನೆ ದಂಡ, ಅನಿಲ ಅಲ್ಲೇ ಇರುತ್ತದೆ.

ನಿಮ್ಮದು ಬಹುಮಟ್ಟಿಗೆ ಗಾಳಿಯಾಡಿದರೆ ತಗ್ಗುವ ಉರಿ. ಭಯಪಡಬೇಕಾದ್ದು ಅಮೋನಿಯಾದಂಥ ಕ್ಷಾರಕ್ಕೆ. ಆಮ್ಲ ಬಿದ್ದರೆ ಮೇಲ್ಪದರದ ಪ್ರೋಟೀನ್ ಹೆಪ್ಪುಗಟ್ಟಿ ಸ್ವಲ್ಪವಾದರೂ ಅಡ್ಡ ನಿಲ್ಲುತ್ತದೆ, ಕ್ಷಾರ ಹಾಗಲ್ಲ, ಕೋಶದ ಕೊಬ್ಬನ್ನೇ ಕರಗಿಸುತ್ತಾ ಒಳಕ್ಕೆ ಹೋಗುತ್ತದೆ. ಬ್ಲೀಚ್‌ಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಏಳುತ್ತದೆ, ಆ ಪ್ರಯೋಗವಂತೂ ಬೇಡವೇ ಬೇಡ. ಇಂಥದ್ದೇನಾದರೂ ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ ತೊಳೆಯುತ್ತಲೇ ತೆಗೆಯಿರಿ, ಆಮೇಲೆ ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.