ಅಂಕ ಬಂದರೂ ಅಂಕಿ ಅರ್ಥವಾಗದಿದ್ದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಸ್ನಾತಕೋತ್ತರ ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಗುಂಪುಗಳ ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ, ಅನೋವಾಗಳ ಸೂತ್ರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದವರೇ ಎರಡು ವರ್ಷದ ನಂತರ ಎಕ್ಸೆಲ್ ಹಾಳೆ ಹಿಡಿದು ಬಂದು, "ಇದಕ್ಕೆ ಯಾವ ಟೆಸ್ಟ್ ಹಾಕಬೇಕು ಸರ್?" ಎಂದು ಕೇಳುತ್ತಾರೆ. ಪಾಠದಲ್ಲಿ ಏನನ್ನು ಬದಲಿಸಲಿ?

ಉತ್ತರ: ಮೊದಲು ಪಾಠದ ಆರಂಭವನ್ನು ಬದಲಿಸಿ. ವಿದ್ಯಾರ್ಥಿಯು ದತ್ತಾಂಶ ಸಂಗ್ರಹಕ್ಕೆ ಹೊರಡುವ ಮುನ್ನವೇ ಅವನ ಪ್ರಯೋಗದ ನಕ್ಷೆಯನ್ನು ತರಗತಿಯಲ್ಲಿ ಬಿಡಿಸಿ, ಅಲ್ಲಿಂದಲೇ ಪಾಠ ಶುರು ಮಾಡಿ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದು ಅನೇಕ ಸಲ ಮರಣೋತ್ತರ ಪರೀಕ್ಷೆ ಮಾಡಿಸಿದಂತೆ ಎಂದು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1938ರಲ್ಲಿ ಭಾರತದ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿಯೇ ಹೇಳಿದ್ದರು.

ಕೆಲವು ವರ್ಷಗಳ ಹಿಂದೆ, ಇಂಡಿ ಭಾಗದ ಲಿಂಬೆ ತೋಟವೊಂದರಲ್ಲಿ ಎರಡು ಬಗೆಯ ಗೊಬ್ಬರಗಳನ್ನು ಹೋಲಿಸಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ಮುಂದೆ ನೋಟ್‌ಬುಕ್ ತೆರೆದಿಟ್ಟಳು. ಒಂದು ಗೊಬ್ಬರಕ್ಕೆ 4 ಗಿಡ, ಇನ್ನೊಂದಕ್ಕೆ 4 ಗಿಡ, ಪ್ರತಿ ಗಿಡದಿಂದ 25 ಹಣ್ಣು. ಹೀಗೆ 200 ತೂಕಗಳನ್ನು ದುಂಡಾದ ಅಕ್ಷರದಲ್ಲಿ ಬರೆದು, 100ಕ್ಕೆ 100 ಎಂದು ಟಿ-ಪರೀಕ್ಷೆ ಮಾಡಿದ್ದಳು. ಆದರೆ ಗೊಬ್ಬರ ಹಾಕಿದ್ದು ಗಿಡದ ಬುಡಕ್ಕೆ, ಹಣ್ಣಿಗಲ್ಲ. ಒಂದೇ ಗಿಡದ ಹಣ್ಣುಗಳು ಒಂದೇ ಬೇರು, ಒಂದೇ ನೀರು, ಒಂದೇ ಮಣ್ಣನ್ನು ಉಂಡು ಬೆಳೆದವಾದ್ದರಿಂದ, ಅವಳಲ್ಲಿದ್ದ ನಿಜವಾದ ಹೋಲಿಕೆ 4 ಗಿಡಕ್ಕೆ 4 ಗಿಡ. ಡಿಗ್ರೀ ಆಫ್ ಫ್ರೀಡಂ, ಅಂದರೆ ಸ್ವತಂತ್ರ ಅಳತೆಗಳ ಎಣಿಕೆಯಿಂದ ಎರಡು ಗುಂಪಿಗೆಂದು 2 ಕಳೆದದ್ದು, 198 ಅಲ್ಲ, 6. ಅದನ್ನಾದರೂ ಗಿಡದ ಸರಾಸರಿ ತೆಗೆದು ಸರಿಪಡಿಸಬಹುದಿತ್ತು. ಆದರೆ ಮೊದಲ ಗೊಬ್ಬರದ ನಾಲ್ಕು ಗಿಡಗಳು ಎಲ್ಲಿದ್ದವು ಎಂದು ಕೇಳಿದಾಗ "ಬಾವಿಯ ಪಕ್ಕದ ಸಾಲು" ಎಂದಳು. ನೀರಿನ ಫಲ ಯಾವುದು, ಗೊಬ್ಬರದ ಫಲ ಯಾವುದು ಎಂದು ಬೇರ್ಪಡಿಸುವ ಪರೀಕ್ಷೆ ಜಗತ್ತಿನಲ್ಲಿ ಇಲ್ಲ. ಬಾವಿಯ ಹತ್ತಿರದ್ದೊಂದು ಬ್ಲಾಕ್, ದೂರದ್ದೊಂದು ಬ್ಲಾಕ್ ಮಾಡಿ, ಪ್ರತಿಯೊಂದರೊಳಗೂ ಚೀಟಿ ಎತ್ತಿ ಗೊಬ್ಬರ ಹಂಚಿದ್ದರೆ ಎರಡು ವರ್ಷದ ದುಡಿಮೆ ಉಳಿಯುತ್ತಿತ್ತು. ಆ ಹುಡುಗಿಯ ಮುಖ ನನಗೆ ಇಂದಿಗೂ ನೆನಪಿದೆ. ತಪ್ಪು ಅವಳದಾಗಿರಲಿಲ್ಲ, ಸೂತ್ರ ಕಲಿಸಿ ತೋಟದ ಬಗ್ಗೆ ಕೇಳದೆ ಬಿಟ್ಟ ನಮ್ಮದಾಗಿತ್ತು.

ಎರಡನೆಯದಾಗಿ, ಸ್ಟ್ಯಾಂಡರ್ಡ್ ಎರರ್ ಎಂಬುದನ್ನು, ಅಂದರೆ ಮಾದರಿಯಿಂದ ಮಾದರಿಗೆ ಸರಾಸರಿ ಎಷ್ಟು ಏರಿಳಿಯುತ್ತದೆ ಎಂಬ ಅಳತೆಯನ್ನು, ಕೈಯಲ್ಲಿ ಹಿಡಿಸಿ. ಸಂತೆಯಿಂದ ಒಂದು ಚೀಲ ಲಿಂಬೆ, ಒಂದು ಅಡುಗೆಮನೆ ತಕ್ಕಡಿ ಸಾಕು. ಪ್ರತಿಯೊಬ್ಬರೂ ಕಣ್ಣು ಮುಚ್ಚಿ 5 ಹಣ್ಣು ತೆಗೆದು, ತೂಗಿ, ಸರಾಸರಿಯನ್ನು ಹಲಗೆಯ ಮೇಲೆ ಚುಕ್ಕೆಯಿಟ್ಟು, ಹಣ್ಣನ್ನು ಚೀಲಕ್ಕೆ ಮರಳಿಸಲಿ. ಆಮೇಲೆ 20 ಹಣ್ಣಿನಿಂದ ಅದನ್ನೇ ಮಾಡಲಿ. ಎರಡನೆಯ ಸಾಲಿನ ಚುಕ್ಕೆಗಳು ಹೆಚ್ಚುಕಡಿಮೆ ಅರ್ಧದಷ್ಟು ಅಗಲದಲ್ಲಿ ಗುಂಪುಗೂಡುವುದನ್ನು ಕಂಡ ಮೇಲೆ, ನಿಖರತೆ ಇಮ್ಮಡಿಯಾಗಬೇಕಾದರೆ ಮಾದರಿ ನಾಲ್ಕು ಪಟ್ಟಾಗಬೇಕು ಎಂಬುದನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ.

ತಂತ್ರಾಂಶಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಉಚಿತವಾಗಿ ಸಿಗುವ 'ಆರ್' ಸಾಕು. ಆದರೆ ಅಳತೆ ಇಲ್ಲದೆ ಖಾಲಿ ಉಳಿದ ಹಾಳೆಯ ಮನೆಯಲ್ಲಿ (ಸೆಲ್‌ನಲ್ಲಿ) 0 ತುಂಬುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಸಮಾಜಶಾಸ್ತ್ರದ ಪಿಎಚ್‌ಡಿ ವಿದ್ಯಾರ್ಥಿನಿ. ನನ್ನ ಪಿ ಮೌಲ್ಯ 0.06 ಬಂದಿದೆ. ನನ್ನ ಸಂಶೋಧನಾ ಕಲ್ಪನೆ (ಹೈಪಾಥಿಸಿಸ್) ಸುಳ್ಳೆಂದು ಬರೆಯಬೇಕೇ?

ಉತ್ತರ: ಬೇಡ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ ಎಷ್ಟು ಎಂಬುದನ್ನಷ್ಟೇ ಪಿ ಹೇಳುತ್ತದೆ. ನಿಮ್ಮ ಕಲ್ಪನೆ ನಿಜವಾಗಿರುವ ಸಂಭವವನ್ನು ಅದು ಅಳೆಯುವುದಿಲ್ಲ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಸ್ಪಷ್ಟಪಡಿಸಿದೆ. ಪಿ 0.05ಕ್ಕಿಂತ ಕಡಿಮೆಯಿದ್ದರೆ ಮಾತ್ರ ಅಂತರ ಗಣನೀಯ ಎನ್ನುವುದು ರೂಢಿಯ ಗೆರೆ. ಇನ್ನಷ್ಟು ಜನರನ್ನು ಸೇರಿಸುತ್ತಾ ಪಿ ಆ ಗೆರೆಗಿಂತ ಕೆಳಗಿಳಿದ ಕೂಡಲೇ ನಿಲ್ಲಿಸುವ ಆಸೆಗೆ ಬೀಳಬೇಡಿ, ಏಕೆಂದರೆ ಹಾಗೆ ಪಡೆದ ಪಿ ಮೌಲ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಎರಡು ಗುಂಪುಗಳ ನಡುವಿನ ಅಂತರವೆಷ್ಟು, ಅದರ ಶೇ. 95ರ ವಿಶ್ವಾಸಾಂತರ (ನಿಜವಾದ ಅಂತರ ಇರಬಹುದಾದ ವ್ಯಾಪ್ತಿಯ ಅಂದಾಜು) ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದು, 0.06 ಅನ್ನು 0.06 ಎಂದೇ ನಮೂದಿಸಿ.