ಒಂದಕ್ಷರ ಬದಲಿಸಿದರೆ ಹೆಸರು ಬೇರೆಯಾಗುವುದೇ?

ಮುಳಬಾಗಿಲು ತಾಲ್ಲೂಕಿನಿಂದ ಬಂದಿರುವ ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರ ಸಲುವಾಗಿ ಮೊದಲು ಹೇಳಿಬಿಡುತ್ತೇನೆ. ನಿಮಗೆ ಹೆಣ್ಣುಮಗು ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ. ‘ಸಾನ್ವಿ’ ಎಂಬ ಹೆಸರನ್ನು ನೀವೂ ನಿಮ್ಮ ಪತ್ನಿಯೂ ಬಹಳ ಹಿಂದಿನಿಂದಲೇ ಮನಸ್ಸಿನಲ್ಲಿಟ್ಟುಕೊಂಡಿದ್ದಿರಿ. ಆದರೆ ನಿಮ್ಮ ಬೀದಿಯಲ್ಲಿ, ಅಂಗನವಾಡಿಯಲ್ಲಿ, ಪತ್ನಿಯ ತವರೂರಾದ ಆಂಧ್ರದ ಪಲಮನೇರಿನಲ್ಲಿ, ಕೆಜಿಎಫ್‌ನ ಅಕ್ಕನ ಮನೆಯ ನೆರೆಯಲ್ಲಿ, ಎಲ್ಲಿ ಹೋದರೂ ಒಬ್ಬಳು ಸಾನ್ವಿ ಎದುರಾಗುತ್ತಿದ್ದಾಳೆ. ಅದೇ ಇಂಪು ಇರಬೇಕು, ಆದರೆ ಹತ್ತು ಮನೆಯಲ್ಲಿ ಕೇಳಿಬರುವ ಹೆಸರಾಗಬಾರದು ಎಂಬುದು ನಿಮ್ಮ ಬಯಕೆ. ಬಂಧುಗಳು ಸೇರಿ ಶಾನ್ವಿ, ತಾನ್ವಿ, ಧಾನ್ವಿ, ಮಾನ್ವಿ, ಜಾನ್ವಿ ಎಂದು ಪಟ್ಟಿ ಮಾಡಿಕೊಟ್ಟಿದ್ದಾರೆ. ಮಗುವಿನದು ಶತಭಿಷ ನಕ್ಷತ್ರದ ಎರಡನೆಯ ಪಾದವಾದ್ದರಿಂದ ‘ಸ’ ಅಕ್ಷರವನ್ನು ಬಿಡಕೂಡದೆಂದು ನಿಮ್ಮ ತಾಯಿಯವರು ಪಟ್ಟು ಹಿಡಿದಿದ್ದಾರೆ. ಇಂಗ್ಲಿಷಿನಲ್ಲಿ ಒಂದು ‘ಎ’ ಹೆಚ್ಚಿಗೆ ಸೇರಿಸಿ ಬರೆದರೆ ಸಾನ್ವಿಯೇ ಬೇರೆ ಹೆಸರಾಗುವುದಿಲ್ಲವೇ ಎಂದು ಕೊನೆಯಲ್ಲಿ ಕೇಳಿದ್ದೀರಿ.

ಮೊದಲಿಗೆ ನಿಮ್ಮ ಬಂಧುಗಳ ಪಟ್ಟಿಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈಚೆಗೆ ನಮ್ಮ ಕಚೇರಿಗೆ ಬರುವ ನಾಮಕರಣದ ಆಹ್ವಾನಪತ್ರಿಕೆಗಳಲ್ಲಿ ಈ ಬಗೆಯ ಹೆಸರುಗಳೇ ತುಂಬಿರುತ್ತವೆ. ಎಲ್ಲರೂ ಮೆಚ್ಚಿದ ಒಂದು ಹೆಸರನ್ನು ಇಟ್ಟುಕೊಂಡು, ಅದರ ಮೊದಲ ಅಕ್ಷರವನ್ನಷ್ಟೇ ಕಿತ್ತು ಬೇರೊಂದನ್ನು ಕೂರಿಸುವುದರಿಂದ ಮಗು ಗುಂಪಿನಿಂದ ಹೊರಗೆ ಬರುವುದಿಲ್ಲ, ಗುಂಪೇ ದೊಡ್ಡದಾಗುತ್ತದೆ. ಒಂದೇ ತರಗತಿಯಲ್ಲಿ ಸಾನ್ವಿ, ಶಾನ್ವಿ, ತಾನ್ವಿ, ಮಾನ್ವಿ ನಾಲ್ವರೂ ಕುಳಿತಿರುವಾಗ ಹಾಜರಿ ಕೂಗುವ ಮೇಷ್ಟ್ರ ಬಾಯಲ್ಲಿ ಮೊದಲ ಅಕ್ಷರ ಗದ್ದಲಕ್ಕೆ ಸಿಕ್ಕಿ ಮುಳುಗುತ್ತದೆ, ‘ಆನ್ವಿ’ ಮಾತ್ರ ಉಳಿಯುತ್ತದೆ, ನಾಲ್ವರೂ ಒಟ್ಟಿಗೆ ‘ಎಸ್ ಸಾರ್’ ಎನ್ನುತ್ತಾರೆ. ಹೀಗಿರುವಾಗ ಇಬ್ಬರು ಸಾನ್ವಿಯರಿದ್ದರೆ ಆಗುವ ತೊಂದರೆಯೇ ಕಡಿಮೆ, ಏಕೆಂದರೆ ಅವರನ್ನು ಸಾನ್ವಿ ಎಂ., ಸಾನ್ವಿ ಆರ್. ಎಂದು ಇನಿಷಿಯಲ್ಲಿನಿಂದಾದರೂ ಬಿಡಿಸಬಹುದು.

ಇನ್ನು ಒಂದೊಂದನ್ನೇ ನೋಡಿದರೆ, ಶಾನ್ವಿಗೂ ಸಾನ್ವಿಗೂ ಇರುವ ಅಂತರ ನಮ್ಮ ಕಡೆಯ ಆಡುಮಾತಿನಲ್ಲಿ ನಿಲ್ಲುವುದೇ ಇಲ್ಲ. ಮಾನ್ವಿ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮಗುವಿಗೆ ಊರಿನ ಹೆಸರಿಡುವುದರಲ್ಲಿ ತಪ್ಪಿಲ್ಲವಾದರೂ, ಆ ಕಡೆಯವರು ಯಾರಾದರೂ ಪರಿಚಯವಾದಾಗಲೆಲ್ಲ ‘ನಮ್ಮೂರಿನ ಹೆಸರು ಏಕೆ ಇಟ್ಟರು’ ಎಂದು ಕೇಳುವುದು ಖಂಡಿತ. ಧಾನ್ವಿಯ ಮೂಲ ‘ಧನ್ವೀ’. ನಿಮ್ಮ ತಾಯಿಯವರು ವಿಷ್ಣುಸಹಸ್ರನಾಮ ಹೇಳುವವರಾದರೆ ‘ಈಶ್ವರೋ ವಿಕ್ರಮೀ ಧನ್ವೀ’ ಎಂಬಲ್ಲಿ ಅದು ಬಿಲ್ಲು ಹಿಡಿದ ವಿಷ್ಣುವಿನ ಹೆಸರಾಗಿ ಬರುವುದನ್ನು ತಾವೇ ಗುರುತಿಸುತ್ತಾರೆ, ಅದು ಗಂಡುಹೆಸರು. ಜಾನ್ವಿಯು ಜಹ್ನು ಮಹರ್ಷಿಯ ಮಗಳೆನಿಸಿದ ಗಂಗೆಯ ಹೆಸರಾದ ಜಾಹ್ನವಿಯನ್ನು ಹಿಂದಿ ಸಿನಿಮಾ ಮಂದಿಯ ಉಚ್ಚಾರಣೆಯಲ್ಲಿ ಮೊಟಕು ಮಾಡಿದ್ದು. ಜಾಹ್ನವಿ ಎಂದೇ ಇಡುವುದಾದರೆ ಹೆಸರು ಸುಂದರವಾಗಿದೆ, ಗಂಭೀರವೂ ಆಗಿದೆ. ಆದರೆ ‘ಹ್ನ’ವನ್ನು ‘ನ್ಹ’ ಎಂದು ತಿರುಗಿಸಿ ಬರೆಯುವವರನ್ನು ಜೀವನಪೂರ್ತಿ ತಿದ್ದುತ್ತಲೇ ಇರಬೇಕಾಗುತ್ತದೆ, ಜೊತೆಗೆ ನಿಮ್ಮ ತಾಯಿಯವರ ‘ಸ’ ಕೂಡ ಕೈತಪ್ಪುತ್ತದೆ. ತಾನ್ವಿಯಲ್ಲಿ ದೀರ್ಘವನ್ನು ತೆಗೆದು ‘ತನ್ವಿ’ ಎಂದರೆ ಮಾತ್ರ ಕಾಲಿಡಲು ಗಟ್ಟಿ ನೆಲ ಸಿಗುತ್ತದೆ. ಮೇಘದೂತದ ಯಕ್ಷನು ತನ್ನ ಹೆಂಡತಿಯ ರೂಪವನ್ನು ಬಣ್ಣಿಸತೊಡಗುವ ಪದ್ಯದ ಮೊದಲ ಮಾತೇ ‘ತನ್ವೀ’. ಈ ಐದರಲ್ಲಿ ಆರಿಸಲೇಬೇಕೆಂದರೆ ನಾನು ತನ್ವಿಯನ್ನು ಆರಿಸುತ್ತೇನೆ. ಆದರೆ ಅದೂ ಈಗ ಅಪರೂಪದ ಹೆಸರಾಗಿ ಉಳಿದಿಲ್ಲ.

ನಿಮಗೆ ಸಾನ್ವಿಯಲ್ಲಿ ಹಿಡಿಸಿರುವುದು ಏನು ಎಂಬುದನ್ನು ದಂಪತಿಗಳಿಬ್ಬರೂ ಕುಳಿತು ಯೋಚಿಸಿ. 2016ರ ಡಿಸೆಂಬರ್ ಕೊನೆಗೆ ತೆರೆಕಂಡು ಊರೂರಲ್ಲೂ ಓಡಿದ ಒಂದು ಕನ್ನಡ ಚಿತ್ರದ ನಾಯಕಿಗೆ ಈ ಹೆಸರಿತ್ತು. ಆಮೇಲೆ ಹುಟ್ಟಿದ ಸಾನ್ವಿಯರು ಅನೇಕರು ಈಗ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಹೆಸರಿನ ನೆನಪಿನ ಜೊತೆಗೆ ಆ ಚಿತ್ರದ ನೆನಪೂ ಸೇರಿದ್ದರೆ ಅದಕ್ಕೆ ಬದಲಿ ಹೆಸರು ಸಿಗಲಾರದು, ನಿಸ್ಸಂಕೋಚವಾಗಿ ಸಾನ್ವಿಯನ್ನೇ ಇಡಿ. ಹಾಗಲ್ಲದೆ ಬರಿಯ ನಾದವೇ ನಿಮ್ಮನ್ನು ಹಿಡಿದಿದ್ದರೆ ಅದನ್ನು ಬಿಡಿಸಿ ನೋಡಬಹುದು. ಆರಂಭದಲ್ಲಿ ತೆರೆದ ಬಾಯಿಯ ದೀರ್ಘ ‘ಸಾ’, ನಡುವೆ ತುಟಿಯ ಮೃದುವಾದ ‘ವ’, ಕೊನೆಗೆ ಕೂಗುವಾಗ ಎಷ್ಟು ದೂರಕ್ಕಾದರೂ ಎಳೆಯಬಹುದಾದ ‘ಇ’. ಇಂಪೆಲ್ಲ ಇರುವುದು ಈ ಮೂರರಲ್ಲೇ. ‘ನ್ವ’ ಎಂಬ ಒತ್ತಕ್ಷರ ಇಂಪಿಗೆ ಏನನ್ನೂ ಕೊಡುವುದಿಲ್ಲ. ನಮ್ಮ ಹಳ್ಳಿಯ ಅಜ್ಜಿಯರು ಅದನ್ನು ಬಿಡಿಸಿ ‘ಸಾನವಿ’ ಎನ್ನುತ್ತಾರೆ. ನಿಮ್ಮ ಬಂಧುಗಳು ಉಳಿಸಿಕೊಂಡದ್ದು ಆ ಒತ್ತಕ್ಷರವನ್ನು, ಕಳೆದದ್ದು ‘ಸಾ’ವನ್ನು. ಇದನ್ನು ತಿರುವುಮುರುವು ಮಾಡಿ ಹುಡುಕಿದರೆ ದಾರಿ ತೆರೆಯುತ್ತದೆ.

ಹಾಗೆ ಹುಡುಕಿದಾಗ ನನ್ನ ಮನಸ್ಸಿಗೆ ಬರುವ ಮೊದಲ ಹೆಸರು ‘ಸಾವೇರಿ’. ಅದು ಮಾಯಾಮಾಳವಗೌಳದಲ್ಲಿ ಜನಿಸಿದ, ಬೆಳಗಿನ ಹೊತ್ತಿಗೆ ಹೇಳಿದ ರಾಗ. ಸಂಗೀತ ಕಲಿಯುವ ಮಕ್ಕಳು ಗೀತೆ, ವರ್ಣಗಳ ಹಂತದಲ್ಲಿಯೇ ಅದನ್ನು ಹಾಡಿರುತ್ತಾರೆ. ನಿಮ್ಮ ಸಾನ್ವಿಯ ‘ಸಾ’, ‘ವ’, ‘ಇ’ ಮೂರೂ ಅದರಲ್ಲಿವೆ, ಒತ್ತಕ್ಷರದ ತೊಡಕಿಲ್ಲ, ಕಾವೇರಿಯ ಪ್ರಾಸವಿರುವುದರಿಂದ ಮೊದಲ ಸಲ ಕೇಳಿದವರೂ ‘ಏನಂದಿರಿ?’ ಎಂದು ಕೇಳುವುದಿಲ್ಲ. ಕಲ್ಯಾಣಿ, ಭೈರವಿ, ಹಿಂದೋಳ, ರಂಜನಿ ಎಂದು ರಾಗಗಳ ಹೆಸರಿನ ಹೆಣ್ಣುಮಕ್ಕಳನ್ನು ಅಲ್ಲಲ್ಲಿ ಕಂಡಿದ್ದೇನೆ, ಸಾವೇರಿಯನ್ನು ನಮ್ಮ ಕೋಲಾರ ಸೀಮೆಯಲ್ಲಿ ಕಂಡ ನೆನಪಿಲ್ಲ.

ಇದಕ್ಕೆ ಬರುವ ಆಕ್ಷೇಪವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹೆಸರಿನ ಮೊದಲ ಎರಡು ಅಕ್ಷರ ‘ಸಾವೇ’, ಮುದ್ದಿಗೆ ‘ಸಾವಿ’ ಎಂದು ಕರೆದರಂತೂ ಅಶುಭದ ಮಾತಿನ ಸದ್ದು ಕೇಳಿಸುತ್ತದೆ ಎಂದು ಮನೆಯಲ್ಲಿ ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಸಾವಿತ್ರಿ ಎಂಬ ಹೆಸರನ್ನು ತಲೆತಲಾಂತರದಿಂದ ಇಟ್ಟುಕೊಂಡು ಬಂದಿದ್ದೇವೆ, ಅದೂ ಗಂಡನ ಪ್ರಾಣವನ್ನು ಯಮನಿಂದ ಬಿಡಿಸಿ ತಂದವಳ ಹೆಸರು, ಯಾರಿಗೂ ಅದರಲ್ಲಿ ಅಪಶಕುನ ಕಂಡಿಲ್ಲ ಎಂಬ ಉತ್ತರ ನಿಮ್ಮಲ್ಲಿ ಸಿದ್ಧವಿರಲಿ. ಆದರೂ ಮನೆಯ ಹಿರಿಯರೊಬ್ಬರ ಮನಸ್ಸಿಗೆ ಮುಳ್ಳಿನಂತೆ ಚುಚ್ಚುವ ಹೆಸರನ್ನು ವಾದಮಾಡಿ ಗೆದ್ದು ಇಡುವುದರಲ್ಲಿ ಸುಖವಿಲ್ಲ; ಅವರು ಒಪ್ಪದಿದ್ದರೆ ಬಿಟ್ಟುಬಿಡಿ.

ಬಿಟ್ಟರೆ ‘ಸವಿ’ ಇದೆ. ಸವಿತಾ ಅಲ್ಲ, ಬರಿಯ ಸವಿ. ಅಚ್ಚಕನ್ನಡದ್ದು, ಎರಡೇ ಅಕ್ಷರ, ಮೊಟಕು ಮಾಡಲು ಏನೂ ಉಳಿದಿಲ್ಲವಾದ್ದರಿಂದ ಅಡ್ಡಹೆಸರಿನ ಕಾಟವಿಲ್ಲ. ಪಲಮನೇರಿನ ಅಜ್ಜಿಗೆ ತೆಲುಗಿನ ‘ಚವಿ’ ಗೊತ್ತಿರುವುದರಿಂದ ವಿವರಿಸಬೇಕಾಗಿಯೂ ಇಲ್ಲ. ‘ಸ’ದ ನಿಯಮವನ್ನು ಸ್ವಲ್ಪ ಸಡಿಲಿಸಲು ಒಪ್ಪುವುದಾದರೆ ಭೃಗುವಿನ ಮಗಳಾದ ಲಕ್ಷ್ಮಿಯ ಹೆಸರು ‘ಭಾರ್ಗವಿ’ ಇದೆ; ಹಿಂದಿನ ತಲೆಮಾರಿನಲ್ಲಿ ಬಳಕೆಯಲ್ಲಿದ್ದು ಈಗ ತೊಟ್ಟಿಲುಗಳಲ್ಲಿ ಕಡಿಮೆಯಾಗಿರುವ ಇಂಥ ಹೆಸರುಗಳೇ ನಿಜಕ್ಕೂ ಬೇರೆಯಾಗಿ ಕೇಳಿಸುತ್ತವೆ. ಇದೇ ಸಾಲಿನಲ್ಲಿ ‘ಸಾಹಿತಿ’ ಎಂಬ ಹೆಸರನ್ನೂ ತವರಿನ ಕಡೆಯಿಂದ ಯಾರಾದರೂ ಸೂಚಿಸಬಹುದು. ತೆಲುಗರಲ್ಲಿ ಅದು ಹೆಣ್ಣುಮಕ್ಕಳ ಚೆಂದದ ಹೆಸರು. ಡಿವಿಜಿ ಹುಟ್ಟಿದ ಮುಳಬಾಗಿಲಿನಲ್ಲಿ ಮಾತ್ರ ಎಲ್ಲರೂ ‘ಯಾವ ಪುಸ್ತಕ ಬರೆದಿದ್ದೀಯಮ್ಮ?’ ಎಂದು ಕೇಳಿ ನಗುತ್ತಾರೆ.

ನಿಮ್ಮದು ಮೂರು ಭಾಷೆಯ ಬಳಗವಾದ್ದರಿಂದ ಯಾವ ಹೆಸರನ್ನೇ ಆರಿಸಿದರೂ ಮೂರು ಬಾಯಲ್ಲೂ ಹೇಳಿಸಿ ನೋಡುವುದು ಅಗತ್ಯ. ಕೆಜಿಎಫ್‌ನ ನೆರೆಯವರು ತಮಿಳರಾದರೆ ಅವರ ಲಿಪಿಯಲ್ಲಿ ಕ-ಗ, ತ-ದ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರ, ಮಹಾಪ್ರಾಣಗಳಿಗೆ ಅಕ್ಷರವೇ ಇಲ್ಲ. ಭಾರ್ಗವಿ ಎಂದು ಬರೆದದ್ದನ್ನು ಹೆಸರು ಗೊತ್ತಿಲ್ಲದವರು ‘ಪಾರ್ಕವಿ’ ಎಂದು ಓದಿಯಾರು. ಸವಿ, ಸಾವೇರಿಗಳಲ್ಲಿ ಅಷ್ಟರಮಟ್ಟಿನ ವ್ಯತ್ಯಾಸ ಆಗುವುದಿಲ್ಲ. ಕಾಗದದ ಮೇಲೆ ಬರೆದು ನೋಡಿದರೆ ಸಾಲದು. ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿನಲ್ಲಿ, ಬಿಂದಿಗೆಗಳ ಸದ್ದಿನ ನಡುವೆ, ನಿಮ್ಮ ತಾಯಿಯವರು ಹಿತ್ತಲಿನಿಂದ ಬೀದಿಬಾಗಿಲಿಗೆ ಕೇಳುವಂತೆ ಒಂದು ಸಲ ಆ ಹೆಸರನ್ನು ಕೂಗಲಿ; ಬೀದಿಯಲ್ಲಿ ನಿಂತ ನಿಮಗೆ ಅದು ಪೂರ್ತಿಯಾಗಿ ಕೇಳಿಸಿತೇ, ಪಕ್ಕದ ಮನೆಯ ಸಾನ್ವಿ ‘ಬಂದೇ’ ಎಂದು ಓಗೊಟ್ಟಳೇ ಎಂಬುದರಿಂದಲೇ ತೀರ್ಮಾನವಾಗುತ್ತದೆ.

ಶಾಸ್ತ್ರದ ವಿಷಯ. ಶತಭಿಷದ ನಾಲ್ಕು ಪಾದಗಳಿಗೆ ಪಂಚಾಂಗವು ಗೊ, ಸ, ಸಿ, ಸು ಎಂದು ಕೊಡುವುದರಿಂದ ನಿಮ್ಮ ತಾಯಿಯವರು ಹೇಳುವುದು ಸರಿಯಾಗಿಯೇ ಇದೆ. (ಆರ್ದ್ರಾ ಮೂರನೆಯ ಪಾದದವರಿಗೆ ‘ಙ’ ಬರುತ್ತದೆ; ಅದರಿಂದ ಹೆಸರು ಹುಡುಕಬೇಕಾದ ತಂದೆತಾಯಿಗಳಿಗಿಂತ ನಿಮ್ಮ ಪಾಡು ವಾಸಿ.) ಆದರೆ ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಹೆಸರುಗಳನ್ನು ಇಡುವ ಪದ್ಧತಿಯಿದೆ. ನಕ್ಷತ್ರನಾಮವನ್ನು ಪುರೋಹಿತರು ‘ಸ’ದಿಂದಲೇ ಕಿವಿಯಲ್ಲಿ ಹೇಳಿಸಲಿ, ಲೋಕ ಕರೆಯುವ ಹೆಸರು ಬೇರೆಯಿದ್ದರೂ ಶಾಸ್ತ್ರಕ್ಕೆ ಕುಂದಿಲ್ಲ. ಅಷ್ಟೇ ಅಲ್ಲ, ಆಶ್ವಲಾಯನ ಗೃಹ್ಯಸೂತ್ರವು ಗಂಡುಮಗುವಿನ ಹೆಸರಿಗೆ ಸಮಸಂಖ್ಯೆಯ, ಹೆಣ್ಣುಮಗುವಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರಗಳನ್ನು ಹೇಳುತ್ತದೆ. ಆ ಲೆಕ್ಕ ಹಿಡಿದರೆ ಸಾನ್ವಿಯದು ಎರಡೇ ಅಕ್ಷರ. ಸಾವೇರಿ, ಭಾರ್ಗವಿ, ಜಾಹ್ನವಿಗಳದು ಮೂರು. ಸವಿಯೂ ಈ ಪರೀಕ್ಷೆಯಲ್ಲಿ ಸೋಲುತ್ತದೆ. ನಾನಾದರೆ ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಆದರೆ ಸಾವೇರಿಯನ್ನು ಒಪ್ಪಿಸಲು ತಾಯಿಯವರ ಮುಂದಿಡಬಹುದಾದ ವಾದ ಇದು.

ಬೇರೆ ಯಾರಿಗೂ ಇಲ್ಲದ ಹೆಸರೇ ಬೇಕೆಂಬ ಹಟವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ನಮ್ಮ ಕಡೆ ಒಂದೊಂದು ಹಳ್ಳಿಯಲ್ಲಿ ಹಲವು ಮುನಿಯಮ್ಮಂದಿರು, ವೆಂಕಟಮ್ಮಂದಿರು ಇರುತ್ತಿದ್ದರು; ದೊಡ್ಡ ಮುನಿಯಮ್ಮ, ಚಿಕ್ಕ ಮುನಿಯಮ್ಮ, ಬಾವಿಮನೆ ಮುನಿಯಮ್ಮ ಎಂದು ಊರೇ ಅವರನ್ನು ಬೇರೆ ಮಾಡಿಕೊಳ್ಳುತ್ತಿತ್ತು, ಯಾರಿಗೂ ತಮ್ಮ ಹೆಸರಿನ ಬಗ್ಗೆ ಕೊರಗಿರಲಿಲ್ಲ. ಯಾವ ನಿಘಂಟಿಗೂ ಯಾವ ಕಿವಿಗೂ ಸಿಗದ ಹೆಸರನ್ನು ಕಟ್ಟಿಕೊಟ್ಟರೆ ಅದರ ವಿವರಣೆಯ ಹೊರೆ ಮಗುವಿನ ಮೇಲೆ ಬೀಳುತ್ತದೆ. ತರಗತಿಯಲ್ಲಿ ಒಬ್ಬಳೇ ಇದ್ದರೆ ಸಾಕು, ರಾಜ್ಯದಲ್ಲೇ ಒಬ್ಬಳಾಗಬೇಕಿಲ್ಲ.

ಆತುರವೂ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದದ್ದು ನಿಜ, ಆದರೆ ಆಗಲೇ ಹೆಸರು ಬರೆಸಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಪ್ರಕರಣ ಹೆಸರಿಲ್ಲದೆ ನೋಂದಾಯಿಸಿ ಆಮೇಲೆ ಸೇರಿಸಲು ಅವಕಾಶ ಕೊಡುತ್ತದೆ. ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲ, ಅನಂತರ 15 ವರ್ಷಗಳವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಇಷ್ಟು ಸುಲಭವಲ್ಲವಾದ್ದರಿಂದ ಆಸ್ಪತ್ರೆಯಿಂದ ಬರುವ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಬರೆಸಿಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಚಾಲನಾ ಪರವಾನಗಿಯವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕ ಮತ್ತು ಸ್ಥಳದ ಆಧಾರ. ಅದರಲ್ಲಿರುವ ಹೆಸರೇ ಮುಂದಿನ ಎಲ್ಲ ದಾಖಲೆಗಳಿಗೂ ಇಳಿಯುತ್ತದೆ.

ಉಳಿದದ್ದು ಇಂಗ್ಲಿಷಿನ ಹೆಚ್ಚುವರಿ ‘ಎ’. ಅದು ಕೂಗುವಾಗ ಕೇಳಿಸುವುದಿಲ್ಲ, ಕನ್ನಡದಲ್ಲಿ ಬರೆಯುವಾಗ ಕಾಣಿಸುವುದಿಲ್ಲ. ಕಾಣಿಸುವುದು ಆಧಾರ್ ಕಾರ್ಡಿನಲ್ಲಿ ಎರಡು ‘ಎ’, ಶಾಲೆಯ ದಾಖಲೆಯಲ್ಲಿ ಒಂದು ‘ಎ’ ಎಂದು ತಾಳೆಯಾಗದೆ ನಿಂತಾಗ ಮಾತ್ರ. ಸಂಖ್ಯಾಶಾಸ್ತ್ರದವರು ಹೇಳಿದರೆಂದು ಅಕ್ಷರ ಸೇರಿಸಲು ಹೋಗಬೇಡಿ. ಯಾವ ಹೆಸರನ್ನು ಇಟ್ಟರೂ ಇಂಗ್ಲಿಷ್ ಕಾಗುಣಿತವನ್ನು ಗಂಡಹೆಂಡಿರು ಇಬ್ಬರೂ ಕೂತು ಮೊದಲೇ ನಿಶ್ಚಯಿಸಿ, ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು, ತಾಯಿ ಕಾರ್ಡಿಗೂ ಜನನ ಪ್ರಮಾಣಪತ್ರಕ್ಕೂ ಆಧಾರ್‌ಗೂ ಅದೇ ಚೀಟಿಯನ್ನು ತೋರಿಸಿ ಬರೆಸಿ; ಮುದ್ರಿತ ಪ್ರತಿ ಕೈಗೆ ಬಂದಾಗ ಕಚೇರಿಯ ಕಿಟಕಿಯ ಬಳಿಯೇ ನಿಂತು ಕನ್ನಡ, ಇಂಗ್ಲಿಷ್ ಎರಡನ್ನೂ ಒಮ್ಮೆ ಓದಿಕೊಂಡು ಆಮೇಲೆ ಹೊರಡಿ.

— ಸಂಪಾದಕ