ಗುಂಯ್‌ಗುಟ್ಟುವ ಆಂಪ್ ಮಾರುವ ಮೊದಲು ಅದನ್ನು ಬೇರೆ ಮನೆಗೆ ಒಯ್ದು ನೋಡಿ

ಹತ್ತು ವಾಟ್‌ನ ಹಳೆಯ ಪ್ರಾಕ್ಟೀಸ್ ಆಂಪ್ (ಗಿಟಾರ್ ಅಭ್ಯಾಸಕ್ಕೆ ಬಳಸುವ ಚಿಕ್ಕ ಆಂಪ್ಲಿಫೈಯರ್), ಗಿಟಾರ್ ಜೋಡಿಸಿದರೆ ಸಾಕು ಗುಂಯ್ ಎನ್ನುತ್ತದೆ, ಕೈಯಲ್ಲಿರುವುದು ಐದು ಸಾವಿರ, ರಿಪೇರಿ ಮಾಡಿಸಲೋ ಹೊಸದು ಕೊಳ್ಳಲೋ ಎಂದು ಕೇಳಿದ್ದೀರಿ. 2016ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ. ಕೊನೆಗೆ ಹೊಸದನ್ನು ಕೊಂಡೆ. ಅದೂ ಗುಂಯ್ ಎಂದಿತು.

ಆಗ ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಹಳೆಯ ಮನೆಯ ನೆಲಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಂಪು ಗಾರೆಯ ನೆಲ, ಮರದ ಹಲಗೆಯ ಮೇಲೆ ಕೂರಿಸಿದ ಸ್ವಿಚ್ ಬೋರ್ಡು. ಸಂಜೆ ಕಚೇರಿಯಿಂದ ಬಂದು ಗಿಟಾರ್ ಹಿಡಿದರೆ ನುಡಿಸಿದ ಸ್ವರಕ್ಕಿಂತ ಸದ್ದೇ ಮುಂದೆ. ತಂತಿಗಳ ಮೇಲೆ ಅಂಗೈ ಇಟ್ಟರೆ ಅರ್ಧಕ್ಕರ್ಧ ಇಳಿಯುತ್ತಿತ್ತು, ಕೈ ತೆಗೆದರೆ ಮತ್ತೆ ಶುರು. ಬರಿಗಾಲಿನಲ್ಲಿ ನಿಂತು ತಂತಿ ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡರೆ ಜುಮ್ಮೆನ್ನುವುದು ನಿಲ್ಲುತ್ತಿತ್ತು, ಸದ್ದು ಹೆಚ್ಚುತ್ತಿತ್ತು. ಇದನ್ನೆಲ್ಲ ದಿನವೂ ನೋಡುತ್ತಿದ್ದೆ. ಇದು ಏನನ್ನು ಹೇಳುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮೊದಲು ಆಂಪನ್ನು ರಿಪೇರಿಗೆ ಕೊಟ್ಟೆ. ಅಂಗಡಿಯವರು ವಾಲ್ಯೂಮ್ ತಿರುಗಣೆ ಬದಲಿಸಿ ಆರುನೂರು ರೂಪಾಯಿ ತೆಗೆದುಕೊಂಡರು. ಅಲ್ಲೇ ನನ್ನ ಗಿಟಾರ್ ಚುಚ್ಚಿ ತೋರಿಸಿದರು, ಸದ್ದೇ ಇರಲಿಲ್ಲ. ಮನೆಗೆ ತಂದು ಹಾಕಿದರೆ ಅದೇ ಗುಂಯ್. ಅವರು ಮೋಸ ಮಾಡಿದರು ಎಂದುಕೊಂಡೆ. ಅದು ತಪ್ಪು. ಅವರ ಬಗ್ಗೆ ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಇಂದಿಗೂ ಬೇಸರವಿದೆ.

ನನಗೆ ಹಣ ಕಳೆದ ತಪ್ಪು ಯಾವುದೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ನಾನು ಪರೀಕ್ಷೆ ಮಾಡದೆ ಇರಲಿಲ್ಲ. ಕೇಬಲ್ ಬದಲಿಸಿದೆ. ಆಂಪನ್ನು ಕೋಣೆಯ ಮೂಲೆ ಮೂಲೆಗೆ ಇಟ್ಟು ನೋಡಿದೆ. ನಡುಮನೆಯ ಸಾಕೆಟ್ ಬಿಟ್ಟು ಅಡುಗೆಮನೆಯ ಸಾಕೆಟ್‌ಗೆ, ಅಲ್ಲಿಂದ ಪಡಸಾಲೆಯ ಸಾಕೆಟ್‌ಗೆ ಹಾಕಿದೆ. ಮೂರು ಕಡೆಯೂ ಅದೇ ಸದ್ದು. ಹಾಗಾಗಿ ಕರೆಂಟಿನದು ತಪ್ಪಿಲ್ಲ, ಆಂಪ್‌ನದೇ ತಪ್ಪು ಎಂದು ತೀರ್ಮಾನಿಸಿದೆ. ಮೂರು ಸಾಕೆಟ್ ಅಂದರೆ ಮೂರು ಪರೀಕ್ಷೆ ಎಂದು ತಿಳಿದೆ. ಮೂರಕ್ಕೂ ವೈರ್ ಬರುತ್ತಿದ್ದುದು ಒಂದೇ ಮನೆಯ ಒಂದೇ ಬೋರ್ಡಿನಿಂದ. ಅಂದರೆ ಮೂರು ಸಲ ಮಾಡಿದ್ದು ಒಂದೇ ಪರೀಕ್ಷೆ. ಸಾಕೆಟ್‌ನಲ್ಲಿ ಮೂರು ತೂತುಗಳಿದ್ದವು, ಪ್ಲಗ್‌ನಲ್ಲಿ ಮೂರು ಪಿನ್ ಇದ್ದವು, ಆದ್ದರಿಂದ ಅರ್ಥಿಂಗ್ ಇದ್ದೇ ಇರುತ್ತದೆ ಎಂದು ನಂಬಿದೆ.

ಹಳೆಯದನ್ನು ಚಾಮರಾಜಪೇಟೆಯ ಒಬ್ಬ ಹುಡುಗನಿಗೆ, ಸದ್ದು ಮಾಡುತ್ತದೆ ಎಂದು ಹೇಳಿಯೇ, ಸಾವಿರದ ಐನೂರಕ್ಕೆ ಮಾರಿದೆ. ಎಂಟು ಸಾವಿರ ಕೊಟ್ಟು ಹೊಸದನ್ನು ತಂದೆ. ಪ್ಲಗ್ ಹಾಕಿದ ಆ ಕ್ಷಣದ ಗುಂಯ್ ಇನ್ನೂ ಕಿವಿಯಲ್ಲಿದೆ. ಎರಡು ದಿನ ಬಿಟ್ಟು ಹುಡುಗನಿಗೆ ಫೋನ್ ಮಾಡಿದೆ. "ಸದ್ದೇ ಇಲ್ಲ ಸರ್, ತುಂಬ ಚೆನ್ನಾಗಿದೆ" ಎಂದ. ನಂಬಲಾಗದೆ ಅವನ ಮನೆಗೇ ಹೋದೆ. ನನ್ನದೇ ಆಂಪು ಕಿಟಕಿಯ ಕೆಳಗೆ ಕೆಂಪು ದೀಪ ಹೊತ್ತಿಸಿಕೊಂಡು ತೆಪ್ಪಗೆ ಕುಳಿತಿತ್ತು.

ಮರುದಿನ ಎಲೆಕ್ಟ್ರಿಷಿಯನ್ ಕರೆಸಿದೆ. ಅವರು ಎರಡು ವೈರ್ ಕಟ್ಟಿದ ಬಲ್ಬ್ ಹೋಲ್ಡರ್ ತಂದಿದ್ದರು. ಫೇಸ್‌ಗೂ ನ್ಯೂಟ್ರಲ್‌ಗೂ ಹಿಡಿದಾಗ ಬಲ್ಬ್ ಉರಿಯಿತು. ಫೇಸ್‌ಗೂ ಅರ್ಥಿಂಗ್‌ಗೆಂದು ಇರುವ ಮೇಲಿನ ದೊಡ್ಡ ತೂತಿಗೂ ಹಿಡಿದಾಗ ಉರಿಯಲಿಲ್ಲ. ಸಾಕೆಟ್ ಬಿಚ್ಚಿ, "ನೋಡಿ ಸ್ವಾಮಿ, ಇದಕ್ಕೆ ವೈರೇ ಎಳೆದಿಲ್ಲ" ಎಂದರು. ಅರ್ಥ್ ವೈರ್ ಬಿಗಿಯಬೇಕಾದ ಹಿತ್ತಾಳೆಯ ತಿರುಪು ಒಂದು ಗೀರೂ ಇಲ್ಲದೆ ಹೊಸದರಂತೆ ಹೊಳೆಯುತ್ತಿತ್ತು. (ಈ ಬಲ್ಬಿನ ಪರೀಕ್ಷೆಯನ್ನು ನೀವೇ ಮಾಡಲು ಹೋಗಬೇಡಿ.)

ಆಂಪ್‌ನ ಲೋಹದ ಚೌಕಟ್ಟು, ಕೇಬಲ್‌ನ ಹೊರಗಿನ ಜಾಲರಿ, ಗಿಟಾರಿನ ತಂತಿಗಳು ಎಲ್ಲವೂ ಒಂದಕ್ಕೊಂದು ಸೇರಿರುತ್ತವೆ. ಸುತ್ತಲಿನ ವೈರಿಂಗ್‌ನಿಂದ ಬರುವ ಸದ್ದು ಅವುಗಳ ಮೂಲಕ ಭೂಮಿಗೆ ಹರಿದುಹೋಗಬೇಕು. ಆ ದಾರಿ ಇಲ್ಲದಿದ್ದಾಗ ಬರಿಗಾಲಿನಲ್ಲಿ ನಿಂತ ನನ್ನ ದೇಹವೇ ದಾರಿಯಾಗಿತ್ತು. ಜುಮ್ಮೆಂದದ್ದು ಅದಕ್ಕೇ. ಒಳಗೆ ಒಂದು ಫೇಸ್ ವೈರ್ ಕಳಚಿ ಚೌಕಟ್ಟಿಗೆ ತಾಗಿದ್ದರೆ 230 ವೋಲ್ಟ್ ನೇರವಾಗಿ ತಂತಿಗೆ ಬರುತ್ತಿತ್ತು. ಸದ್ದು ಹೋಗಲು ಅರ್ಥ್ ಪಿನ್ ಮುರಿಯಿರಿ, ಎರಡು ಪಿನ್‌ನ ಅಡಾಪ್ಟರ್ ಹಾಕಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಲೇಬೇಡಿ. ಅದು ಜೀವದ ಪ್ರಶ್ನೆ.

ಮನೆಯ ಮಾಲೀಕರು ಒಳ್ಳೆಯವರು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಪೈಪ್ ಹೂಳಿಸುವ ಖರ್ಚು ಅವರೇ ಕೊಟ್ಟರು. ಒಳಗಿನ ವೈರ್ ನನ್ನ ಖರ್ಚು. ಸದ್ದು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿನಲ್ಲಿ ಸ್ವಲ್ಪ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನದು, ಫ್ಯಾನ್ ಆರಿಸಿದರೆ ನಿಲ್ಲುತ್ತಿತ್ತು. ಇನ್ನು ಸ್ವಲ್ಪ ನನ್ನ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್‌ನದು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂದೇ ಸುರುಳಿಯ ಭಾಗದ್ದು. ಈ ಪಿಕಪ್ ಹುಟ್ಟಾ ಹಾಗೆಯೇ. ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ಪಿಕಪ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು ಈ ಗುಂಯ್‌ಕಾರವನ್ನು ಕಳೆಯುವುದಕ್ಕಾಗಿಯೇ. ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಿ, ಒಂದು ದಿಕ್ಕಿನಲ್ಲಿ ಸದ್ದು ತಗ್ಗುತ್ತದೆ. ನಾನು ಇಂದಿಗೂ ಆ ದಿಕ್ಕಿಗೇ ಕುರ್ಚಿ ಹಾಕಿಕೊಳ್ಳುತ್ತೇನೆ.

ಆದ್ದರಿಂದ ನಿಮ್ಮ ರಿಪೇರಿಯೋ ಹೊಸದೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಪ್ಪು ಆಂಪ್‌ನದೇ ಎಂದು ಇನ್ನೂ ಗೊತ್ತಾಗಿಲ್ಲ. ಈಗಲೇ ಆಂಪ್‌ನಿಂದ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅದು ಬರುತ್ತಿರುವುದು ಗಿಟಾರ್, ಕೇಬಲ್ ಅಥವಾ ಮನೆಯ ವೈರಿಂಗ್ ಕಡೆಯಿಂದ. ನಿಲ್ಲದಿದ್ದರೆ ಗಿಟಾರಿನ ಆರನೇ (ಅತಿ ದಪ್ಪನೆಯ) ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಮೀಟಿ, ಗುಂಯ್ ಜೊತೆ ಹೋಲಿಸಿ. ಆ ಸ್ವರ 98 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್, ಆಂಪ್ ಒಳಗೆ ಅದನ್ನು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮಾಡುವಾಗ ಉಳಿಯುವ ಅಲೆ 100 ಹರ್ಟ್ಸ್. ಆಂಪ್‌ನ ಗುಂಯ್ ಆ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ, ಆ ಅಲೆಯನ್ನು ತಗ್ಗಿಸುವ ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಹೆಚ್ಚು. ಆಗ ಮಾತ್ರ ರಿಪೇರಿಗೆ ಕೊಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಆ ಬಿಡಿಭಾಗಕ್ಕೆ ಹೆಚ್ಚು ಬೆಲೆಯಿಲ್ಲ, ಕೊಡಬೇಕಾದದ್ದು ಕೈಕೂಲಿಯೇ. ತಿರುಗಣೆ ಮುಟ್ಟಿದಾಗ ಮಾತ್ರ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಸಲ ಹೊಡೆಸಿದರೆ ಮುಗಿಯಿತು.

ರಿಪೇರಿಗೆ ಕೊಡುವ ಮೊದಲು, ಈ ಭಾನುವಾರ ಆಂಪು, ಗಿಟಾರು, ಕೇಬಲ್ಲು ಮೂರನ್ನೂ ಆಟೋದಲ್ಲಿ ಹಾಕಿಕೊಂಡು ಹೊಸದಾಗಿ ಕಟ್ಟಿದ ಮನೆಯ ಸ್ನೇಹಿತರೊಬ್ಬರ ಹತ್ತಿರ ಹೋಗಿ. ನಿಮ್ಮ ಮನೆಯ ಇನ್ನೊಂದು ಸಾಕೆಟ್ ಸಾಲದು.